ಮೊದಲ ಬಹುಮಾನದ ಎಲೆಕೋಸು

ಹಿತ್ತಲಲ್ಲಿ ಇರುವೆಗಳಿಲ್ಲ ಎಂಬುದನ್ನು ಮೊದಲು ಕಂಡವನು ಗಂಡ. ಗಡಿಯಾರ ರಿಪೇರಿ ಮಾಡುವವನ ಕಣ್ಣು ಅದು, ಸಾಸಿವೆಗಿಂತ ಸಣ್ಣ ತಿರುಪು ನೆಲಕ್ಕೆ ಬಿದ್ದರೂ ಬಿಡದು. ಬೆಳಿಗ್ಗೆ ಮುಖ ತೊಳೆಯಲು ಹೋದವನು ಕಲ್ಲಿನ ಮೇಲೆ ಕೂತು ಸುಮಾರು ಹೊತ್ತು ನೆಲವನ್ನೇ ನೋಡಿ ಒಳಗೆ ಬಂದ.

"ನಮ್ಮ ಹಿತ್ತಲಲ್ಲಿ ಒಂದಿರುವೆ ಕಾಣಲ್ವಲ್ಲೇ. ಸಕ್ಕರೆ ಚೆಲ್ಲಿದ್ರೂ ಬರ್ತಿಲ್ಲ."

"ಒಳ್ಳೇದೇ ಆಯ್ತಲ್ಲ, ಸಕ್ಕರೆ ಡಬ್ಬದ ಸುತ್ತ ನೀರಿಡೋದು ತಪ್ತು," ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಅವಳನ್ನು ಬೀದಿಯವರೆಲ್ಲ ಕರೆಯುತ್ತಿದ್ದುದು ಕೋಸಕ್ಕ ಎಂದು. ಮೂವತ್ತೊಂದು ವರ್ಷದಿಂದ ಹೊಲಿಗೆ ಅವಳ ಕಸುಬು. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಿಟಕಿಯ ಬಳಿ ಅವಳ ಯಂತ್ರ, ಬಾಗಿಲ ಬಳಿ ಗಂಡನ ಗಾಜಿನ ಮೇಜು. ಇಬ್ಬರಿಗೂ ಮಾತು ಕಡಿಮೆ. ಟಕಟಕ ಮತ್ತು ಟಿಕ್ ಟಿಕ್ ಎರಡೇ ಆ ಮನೆಯ ಸಂಭಾಷಣೆ ಎಂದು ಗಿರಾಕಿಗಳು ತಮಾಷೆ ಮಾಡುತ್ತಿದ್ದರು. ಅಡುಗೆಮನೆ ದಾಟಿದರೆ ನಾಲ್ಕು ಹಾಸಿಗೆ ಹಾಸುವಷ್ಟು ಜಾಗ. ಅಷ್ಟರಲ್ಲೇ ಅವಳ ಎಲೆಕೋಸು.

ಊರಿನ ತೋಟಗಾರಿಕೆ ಸಂಘ ವರ್ಷಕ್ಕೊಮ್ಮೆ ಪುರಭವನದಲ್ಲಿ ಹೂವು ತರಕಾರಿಗಳ ಪ್ರದರ್ಶನ ನಡೆಸುತ್ತಿತ್ತು. ಹನ್ನೊಂದು ವರ್ಷ ಕೋಸಕ್ಕ ಅಲ್ಲಿ ತನ್ನ ಕೋಸು ಇಟ್ಟಿದ್ದಳು. ಹನ್ನೊಂದು ವರ್ಷವೂ ಎರಡನೇ ಬಹುಮಾನ. ಮೊದಲನೆಯದು ನಿವೃತ್ತ ಡ್ರಾಯಿಂಗ್ ಮೇಷ್ಟ್ರಿಗೆ. ಅವರು ಕೆಟ್ಟವರಾಗಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಪ್ರತಿ ಸಲ ಬಂದು, "ಮುಂದಿನ ವರ್ಷ ನಿಮ್ಮದೇ ತಾಯಿ," ಎಂದು ಕೈಮುಗಿಯುತ್ತಿದ್ದರು. ಗಾಯಕ್ಕೆ ಉಪ್ಪು ಸವರಿದಂತಾಗುತ್ತಿತ್ತು. ಹಿಂದಿನ ವರ್ಷವಂತೂ ತೂಕದಲ್ಲಿ ಅವಳದೇ ಮೇಲು. ಆದರೆ ತೀರ್ಪುಗಾರರೊಬ್ಬರು ಹೊರಗಿನ ಎಲೆ ಮಡಿಸಿ, ಹುಳು ಕೊರೆದ ಒಂದೇ ಒಂದು ತೂತಿಗೆ ಬೆರಳು ತೋರಿಸಿದ್ದರು. ಬಟಾಣಿಯಷ್ಟು ತೂತು. ಆ ತೂತು ವರ್ಷವಿಡೀ ಅವಳ ಕಣ್ಣ ಮುಂದೆ ಇತ್ತು.

ಈ ವರ್ಷ ಒಂದು ಗಿಡ ಮೊದಲಿಂದಲೇ ಬೇರೆ ರೀತಿ ಬೆಳೆಯಿತು. ದಿನವೂ ಟೇಪು ಹಿಡಿದು ಅದರ ಸುತ್ತಳತೆ ತೆಗೆದು, ಗಿರಾಕಿಗಳ ಸೊಂಟ, ತೋಳು, ಕುತ್ತಿಗೆಗಳ ನಡುವೆ ಅದೇ ಪುಸ್ತಕದಲ್ಲಿ ಬರೆದಿಡುತ್ತಿದ್ದಳು. ಪ್ರದರ್ಶನಕ್ಕೆ ಮೂರು ವಾರ ಇದ್ದಾಗ ಎಲೆಯ ಅಡಿಯಲ್ಲಿ ಹಸಿರು ಹುಳು ಕಂಡಿತು. ಮರುದಿನ ಏಳು. ಕೈಯಲ್ಲಿ ಆರಿಸಿ ಹಾಕಿದ್ದರೆ ಮುಗಿಯುತ್ತಿತ್ತು. ಹನ್ನೊಂದು ವರ್ಷ ಹಾಗೇ ಮಾಡಿದ್ದವಳು ಅವಳು. ಆದರೆ ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಹುಡುಕಿಕೊಂಡು ಬೀಜ ಗೊಬ್ಬರದ ಅಂಗಡಿಗೆ ಹೋದಳು.

ಅಂಗಡಿಯವನು ಕಪಾಟಿನ ಡಬ್ಬಿಗಳ ಕಡೆ ನೋಡಲೇ ಇಲ್ಲ. ಬಾಗಿ, ಮೇಜಿನ ಕೆಳಗಿಂದ ಕಂದು ಬಣ್ಣದ ಬಾಟಲಿ ತೆಗೆದ. ಮೇಲಿನ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು.

"ಇದು ಈಗ ಸಿಗಲ್ಲಮ್ಮ, ನಿಲ್ಸಿಬಿಟ್ಟಿದ್ದಾರೆ. ಒಂದು ಬಕೆಟ್ ನೀರಿಗೆ ಒಂದು ಮುಚ್ಚಳ. ಹೊಡೆದ ಮೇಲೆ ಒಂದು ತಿಂಗಳು ಬಾಯಿಗಿಡ್ಬಾರ್ದು, ನೆನಪಿರ್ಲಿ."

"ತಿನ್ನೋಕಲ್ಲಪ್ಪ, ನೋಡೋಕೆ. ಪ್ರದರ್ಶನ ಮುಗಿದ ಮೇಲೆ ಗುಂಡಿಗೆ ಹಾಕ್ತೀನಿ."

"ಹಾಗಾದ್ರೆ ಸರಿ. ಯಾರಾದ್ರೂ ಕೇಳಿದ್ರೆ ನನ್ನ ಹೆಸರು ಹೇಳ್ಬೇಡಿ."

ಮೊದಲ ಸಲ ಅಳತೆಯಂತೆ ಒಂದೇ ಮುಚ್ಚಳ. ಎರಡು ದಿನದಲ್ಲಿ ಹುಳುಗಳು ಎಲೆಯ ಅಂಚಿನಿಂದ ಒದ್ದೆ ದಾರದಂತೆ ನೇತಾಡುತ್ತಿದ್ದವು. ಕೋಸಕ್ಕನಿಗೆ ಖುಷಿ. ಹತ್ತು ದಿನ ಕಳೆದು ಎಲೆಯ ನರದ ಮೇಲೆ ಎರಡು ಹಳದಿ ಮೊಟ್ಟೆ ಕಂಡಾಗ ಎರಡು ಮುಚ್ಚಳ ಹಾಕಿದಳು. ಪ್ರದರ್ಶನಕ್ಕೆ ಮೂರೇ ದಿನ ಉಳಿದಾಗ, ಏನೂ ಕಾಣದಿದ್ದರೂ, ಅಳತೆ ಮಾಡದೆ ಕೋಸಿನ ನೆತ್ತಿಯ ಮೇಲೆ ಸುರಿದಳು, ಬುಡಕ್ಕೂ ಸುರಿದಳು. ಆ ದಿನವೇ ಅವಳಿಗೆ ಸೂಜಿಯ ಕಣ್ಣು ಕಾಣದೆ ಹೋಯಿತು. ಹೊರಗೆ ಕಣ್ಣು ಕುಕ್ಕುವ ಬಿಸಿಲು, ಅವಳಿಗೆ ಮಾತ್ರ ಮೋಡ ಮುಸುಕಿದ ಹಾಗೆ.

"ದೀಪ ಹಾಕ್ರೀ, ಕತ್ತಲಾಯ್ತು."

ಗಂಡ ಗೋಡೆಯ ಮೇಲಿನ ಗಡಿಯಾರಗಳನ್ನು ನೋಡಿದ. ಒಂದಿಷ್ಟು ಹಿಂದೆ ಮುಂದೆ ಇದ್ದರೂ ಎಲ್ಲವೂ ಮಧ್ಯಾಹ್ನ ಎರಡನ್ನೇ ತೋರಿಸುತ್ತಿದ್ದವು. ಎದ್ದು ದೀಪ ಹಾಕಿದ.

ಇರುವೆಗಳು ಹೋಗಿದ್ದು ಆಮೇಲೆ. ಪುದೀನ ಮಡಿಯ ಬಳಿ ಜೇನುಹುಳುಗಳು ಬೆನ್ನಡಿಯಾಗಿ ಬಿದ್ದು ಗಿರಗಿರ ತಿರುಗುತ್ತಿದ್ದವು. ಪ್ರದರ್ಶನದ ಹಿಂದಿನ ದಿನ, ಗಂಡನ ಮೇಜಿನ ಕೆಳಗೆ ಮಲಗುತ್ತಿದ್ದ ಬೆಕ್ಕು ಬಕೆಟ್ಟಿನ ಪಕ್ಕ ಕಾಲು ಸೆಟೆದುಕೊಂಡು ಬಿದ್ದಿತ್ತು. ಬಾಯಲ್ಲಿ ನೊರೆ. ಕೋಸಕ್ಕ ಅದನ್ನು ಹಳೇ ಅಸ್ತರಿನ ಬಟ್ಟೆಯಲ್ಲಿ ಸುತ್ತಿ ಮೂಲೆಯಲ್ಲಿ ಹೂತಳು.

"ವಯಸ್ಸಾಗಿತ್ತು ಬಿಡಿ," ಎಂದಳು.

"ನಾಲ್ಕು ವರ್ಷಕ್ಕೇನಾ?" ಎಂದ ಗಂಡ. ಅವಳು ಕೈಯ ಮಣ್ಣು ಕೊಡವಿಕೊಂಡು ಒಳಗೆ ಹೋದಳು.

ಪುರಭವನದಲ್ಲಿ ಉದ್ದನೆಯ ಮೇಜುಗಳಿಗೆ ಬಿಳಿ ಕಾಗದ ಹಾಸಿದ್ದರು. ಒಂದೇ ಅಳತೆಯ ಮೂರು ಮೂರು ಕ್ಯಾರೆಟ್ಟು, ಲೋಟದಲ್ಲಿ ನಿಂತ ಗುಲಾಬಿ, ಮಗುವಿನಷ್ಟು ದೊಡ್ಡ ಸೋರೆಕಾಯಿ. ಕೋಸಕ್ಕನ ಕೋಸು ಬಂದಾಗ ಮಾತುಗಳು ನಿಂತವು. ಮೇಣದಲ್ಲಿ ಎರಕ ಹೊಯ್ದಂತಿತ್ತು ಅದು. ಎಲ್ಲಿಯೂ ಒಂದು ಗೀರಿಲ್ಲ, ಚುಕ್ಕೆಯಿಲ್ಲ. ತೀರ್ಪುಗಾರರಲ್ಲಿ ಒಬ್ಬ ಹೆಂಗಸು ಮೂಗಿನ ಹತ್ತಿರ ಹಿಡಿದು ಹುಬ್ಬು ಗಂಟಿಕ್ಕಿದರು.

"ಏನೋ ವಾಸನೆ ಬರ್ತಿದೆಯಲ್ಲ?"

"ಸೋಪಿನ ನೀರು ಹೊಡೆದಿದ್ದೆ ಮೇಡಂ, ಹುಳಕ್ಕೆ." ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಆಶ್ಚರ್ಯವಾಯಿತು.

ಮೊದಲ ಬಹುಮಾನದ ಕೆಂಪು ಚೀಟಿ ಅಂಟಿಸಿದರು. ಡ್ರಾಯಿಂಗ್ ಮೇಷ್ಟ್ರು ತಮ್ಮ ಕೋಸನ್ನು ಬಿಟ್ಟು ಅವಳದರ ಮುಂದೆ ನಿಂತರು. "ಒಂದು ತೂತೂ ಇಲ್ವಲ್ಲ ತಾಯಿ! ಹೇಗೆ ಸಾಧಿಸಿದ್ರಿ?" ಅವರು ಕೇಳಿದ್ದು ಮನಸಾರೆ ಮೆಚ್ಚಿ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬಂತೆ ಕೋಸಕ್ಕನ ಕೈ ತನ್ನಷ್ಟಕ್ಕೆ ಬಟ್ಟೆಗೆ ಒರೆಸಿಕೊಂಡಿತು.

ಅವಳು ಬಹುಮಾನದ ಕಪ್ಪು ಹಿಡಿದು ವೇದಿಕೆಯ ಮೇಲೆ ನಿಂತಿದ್ದಾಗ ಸಂಘದ ಹೊಸ ಕಾರ್ಯದರ್ಶಿ ಮೈಕು ತೆಗೆದುಕೊಂಡರು. ವೃತ್ತಿಯಲ್ಲಿ ಹಲ್ಲಿನ ಡಾಕ್ಟರು, ಉತ್ಸಾಹದ ಮನುಷ್ಯ. "ಪ್ರತಿ ವರ್ಷ ಅವರವರ ತರಕಾರಿ ಅವರವರ ಮನೆಗೆ ಹೋಗುತ್ತಿತ್ತು. ಈ ಸಲ ಎಲ್ಲವನ್ನೂ ನಮ್ಮ ಆಸ್ಪತ್ರೆಯ ಅಡುಗೆಮನೆಗೆ ಕೊಡುತ್ತಿದ್ದೇವೆ. ನಾಳೆ ಇನ್ನೂರು ರೋಗಿಗಳ ಊಟಕ್ಕೆ ಇಲ್ಲಿನ ತರಕಾರಿ!"

ಚಪ್ಪಾಳೆ ಬಿತ್ತು. ಆಸ್ಪತ್ರೆಯ ಅಡುಗೆಮನೆಯ ಮುಖ್ಯ ಅಡುಗೆಯವಳು ಕೋಸಕ್ಕನ ಸ್ವಂತ ತಂಗಿ.

ಮೆಟ್ಟಿಲಿಳಿದು ಮೇಜಿನ ಕಡೆ ಓಡಿದಳು. ಮೇಜು ಖಾಲಿ. ಬಾಗಿಲಲ್ಲಿ ಸಂಘದ ಸದಸ್ಯನೊಬ್ಬ ಕೈ ಕೊಡವಿಕೊಳ್ಳುತ್ತಿದ್ದ.

"ನನ್ನ ಕೋಸು... ಅದನ್ನ ನಾನು ಮನೆಗೆ ತಗೊಂಡು ಹೋಗ್ಬೇಕಿತ್ತು."

"ವ್ಯಾನು ಈಗಷ್ಟೇ ಹೋಯ್ತಲ್ಲಕ್ಕ. ನಿಮ್ಮದನ್ನ ಎಲ್ಲಕ್ಕಿಂತ ಮೇಲಿಟ್ಟು ಕಳ್ಸಿದ್ದೀನಿ, ಜಜ್ಜಿ ಹೋಗ್ಬಾರ್ದು ಅಂತ."

ಆಗ ಹೇಳಬಹುದಿತ್ತು. ಸುತ್ತ ಜನ, ಕೈಯಲ್ಲಿ ಕಪ್ಪು, ಹನ್ನೊಂದು ವರ್ಷದ ಎರಡನೇ ಸ್ಥಾನ. ಕಪ್ಪು ಹಿಡಿದುಕೊಂಡೇ ಮನೆಗೆ ನಡೆದಳು.

ಸಂಜೆ ತಂಗಿಯ ಫೋನು ಬಂತು. "ಅಕ್ಕಾ! ಮಹಾರಾಣಿ ಬಂದ ಹಾಗೆ ಬಂದಿದೆ ಕಣೇ ನಿನ್ನ ಕೋಸು. ನಮ್ಮ ಹುಡುಗೀರೆಲ್ಲ ಸುತ್ತ ನಿಂತು ನೋಡಿದ್ರು. ನಾಳೆ ನಾನೇ ಹೆಚ್ತೀನಿ, ಬೇರೆಯವರ ಕೈಗೆ ಕೊಡಲ್ಲ."

ಕೋಸಕ್ಕ ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು. "ಚೆನ್ನಾಗಿ ತೊಳಿ," ಎಂದಳು.

ತಂಗಿ ಗೊಳ್ಳೆಂದು ನಕ್ಕಳು. "ಇಪ್ಪತ್ತು ವರ್ಷ ಆಯ್ತು ಇನ್ನೂರು ಜನಕ್ಕೆ ಬೇಯ್ಸಿ ಹಾಕ್ತಾ. ನಂಗೇ ಹೇಳ್ಕೊಡ್ತೀಯಾ?"

ಮರುದಿನ ಅಂಗಡಿ ತೆರೆದಿತ್ತು. ಕಪ್ಪನ್ನು ಗಂಡ ಗಾಜಿನ ಮೇಜಿನ ಮೇಲೆ ಕಾಣುವಂತೆ ಇಟ್ಟಿದ್ದ. ಕೋಸಕ್ಕ ಬೆಳಿಗ್ಗೆಯಿಂದ ಒಂದೇ ತೋಳನ್ನು ಮೂರು ಸಲ ಬಿಚ್ಚಿ ಹೊಲಿದಳು. ಬೇಯಿಸಿದರೆ ಎಲ್ಲ ಹೋಗುತ್ತದೆ ಎಂದುಕೊಂಡಳು. ಇನ್ನೂರು ಜನಕ್ಕೆ ಹಂಚಿದರೆ ಒಬ್ಬೊಬ್ಬರಿಗೆ ಎಷ್ಟು ಸಿಕ್ಕೀತು ಎಂದುಕೊಂಡಳು. ಹತ್ತೂವರೆಯ ಹೊತ್ತಿಗೆ ಯಂತ್ರ ನಿಂತಿತು.

"ರೀ, ವಿಷವನ್ನ ಕುದಿಸಿದ್ರೆ ಅದು ಸಾಯುತ್ತಾ?"

ಗಂಡ ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನು ನಿಧಾನವಾಗಿ ತೆಗೆದ. "ಯಾವ ವಿಷ?"

ಮೂರು ಮಾತಿನಲ್ಲಿ ಎಲ್ಲ ಹೇಳಿ ಮುಗಿಸಿದಳು. ಇಷ್ಟೇ ಇತ್ತೇ ಹೇಳುವುದಕ್ಕೆ ಎನ್ನಿಸಿತು. ಅವನು ಬೈಯಲಿಲ್ಲ. ಚಪ್ಪಲಿ ಮೆಟ್ಟಿಕೊಂಡ. "ಬಾಟಲಿ ತಗೋ. ನಡಿ."

ಆಸ್ಪತ್ರೆಯ ಹಿಂಬದಿಯ ಅಡುಗೆಮನೆಯಲ್ಲಿ ಹಬೆ ತುಂಬಿ ಎದುರಿಗಿದ್ದವರ ಮುಖ ಕಾಣುತ್ತಿರಲಿಲ್ಲ. ಮೂರು ದೊಡ್ಡ ಪಾತ್ರೆಗಳು ಒಲೆಯ ಮೇಲಿದ್ದವು. ಒಂದರಲ್ಲಿ ಕೋಸು ಕುದಿಯುತ್ತಿತ್ತು.

"ಒಲೆ ಆರ್ಸಿ! ಅದನ್ನ ಯಾರಿಗೂ ಬಡಿಸ್ಬೇಡಿ!"

ತಂಗಿ ಹಬೆಯೊಳಗಿಂದ ನಗುತ್ತಾ ಬಂದಳು. "ಏನಕ್ಕಾ, ಕಪ್ಪು ಬಂದದ್ದೇ ತಲೆ ತಿರುಗ್ತಾ?" ಕೋಸಕ್ಕ ಬಾಟಲಿಯನ್ನು ಹೆಚ್ಚುವ ಹಲಗೆಯ ಮೇಲಿಟ್ಟಳು. ಯಾರೂ ವಿವರಿಸಬೇಕಾಗಲಿಲ್ಲ. ಅಡುಗೆಯ ಹೆಂಗಸರಲ್ಲೊಬ್ಬಳು ಒಲೆ ಆರಿಸಿದಳು.

"ಬಡಿಸಿಲ್ಲ ತಾನೇ? ಯಾರೂ ತಿಂದಿಲ್ಲ ತಾನೇ?"

"ಊಟದ ಗಾಡಿ ಹೊರಡೋದೇ ಹನ್ನೆರಡಕ್ಕೆ," ಎಂದಳು ತಂಗಿ. ಆಮೇಲೆ ತನ್ನ ಬೆರಳುಗಳನ್ನು ನೋಡಿಕೊಂಡಳು. "ದಿಂಡು ನಾನು ತಿಂದೆ. ಹಸೀದು. ಹೆಚ್ತಾ ಹೆಚ್ತಾ ಪೂರ್ತಿ ತಿಂದ್ಬಿಟ್ಟೆ. ಸಿಹಿಯಾಗಿತ್ತು ಅಕ್ಕಾ."

ಅವಳ ಹಣೆಯಲ್ಲಿ ಬೆವರು ಸಾಲುಗಟ್ಟಿತ್ತು. ಹಬೆಯದೆಂದು ಅಲ್ಲಿದ್ದವರು ತಿಳಿದಿದ್ದರು. ಕೋಸಕ್ಕ ಹತ್ತಿರ ಹೋಗಿ ನೋಡಿದಳು. ತಂಗಿಯ ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು.

"ದೀಪ ಯಾಕೆ ಆರ್ಸಿದ್ರಿ?" ಎಂದಳು ತಂಗಿ, ಹಲಗೆಯನ್ನು ಹಿಡಿದುಕೊಂಡು. ಯಾರೂ ದೀಪ ಆರಿಸಿರಲಿಲ್ಲ.

ಆಸ್ಪತ್ರೆಯೊಳಗೇ ಬಿದ್ದದ್ದರಿಂದ ಬದುಕಿದಳು, ಇನ್ನೆಲ್ಲಾದರೂ ಆಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಬಾಟಲಿ ಮೂಸಿ, ಕಣ್ಣಿಗೆ ಟಾರ್ಚು ಬಿಟ್ಟು, ಕೂಡಲೇ ಸೂಜಿ ಚುಚ್ಚಿದರು. ಗಂಡ ಬೀಜದಂಗಡಿಗೆ ಓಡಿ ಔಷಧದ ಹೆಸರು ಕೇಳಿದರೆ, ಅಂಗಡಿಯವನು ಅವನ ಮುಖವನ್ನೇ ನೋಡುತ್ತಾ, "ಯಾವ ಬಾಟಲಿ? ನಾನು ಯಾರಿಗೂ ಏನೂ ಕೊಟ್ಟಿಲ್ಲ," ಎಂದ. ಪಾತ್ರೆಯ ಕೋಸನ್ನು ದೂರದಲ್ಲಿ ಗುಂಡಿ ತೋಡಿ ಹೂತರು. ರೋಗಿಗಳಿಗೆ ಆ ದಿನ ಬ್ರೆಡ್ಡು, ಹಾಲು. ಇನ್ನೂರು ಜನರಲ್ಲಿ ಯಾರಿಗೂ ಏನೂ ಆಗಲಿಲ್ಲ. ಒಂಬತ್ತು ದಿನ ತಂಗಿ ಮಾತ್ರ ಮಲಗಿದ್ದಳು.

ಆರನೇ ದಿನ ಅವಳು ಸರಿಯಾಗಿ ಮಾತಾಡಿದಳು. ಕೋಸಕ್ಕ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದಳು.

"ಚೆನ್ನಾಗಿ ತೊಳಿ ಅಂದ್ಯಲ್ಲ ಫೋನಲ್ಲಿ. ಆಗ್ಲೇ ಗೊತ್ತಿತ್ತಾ ನಿಂಗೆ?"

ಇಲ್ಲ ಎನ್ನಬಹುದಿತ್ತು. "ಗೊತ್ತಿತ್ತು," ಎಂದಳು ಕೋಸಕ್ಕ.

ತಂಗಿ ಗೋಡೆಯ ಕಡೆ ಹೊರಳಿದಳು. ಅಳಲಿಲ್ಲ, ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು ಎಂದು ಕೋಸಕ್ಕ ಗಂಡನ ಹತ್ತಿರ ಒಮ್ಮೆ ಹೇಳಿಕೊಂಡಿದ್ದಾಳೆ.

ಕಾರ್ಯದರ್ಶಿ ಬಾಯಿ ಬಿಟ್ಟು ಕೇಳುವ ಮೊದಲೇ ಕಪ್ಪನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟಳು. ಸಂಘದವರು ಅದನ್ನು ಡ್ರಾಯಿಂಗ್ ಮೇಷ್ಟ್ರಿಗೆ ಒಯ್ದರೆ ಅವರು ಮುಟ್ಟಲಿಲ್ಲ. "ನಾನು ಪ್ರತಿ ವರ್ಷ ಹೋಗಿ ಆ ಹೆಣ್ಣುಮಗಳ ಹೊಟ್ಟೆ ಉರಿಸಿದೆ," ಎಂದರಂತೆ. ಬೀಜದಂಗಡಿಯಲ್ಲಿ ಅಧಿಕಾರಿಗಳು ತಪಾಸಣೆ ಮಾಡಿದರು. ಮೇಜಿನ ಕೆಳಗೆ ಏನೂ ಸಿಗಲಿಲ್ಲ. ಅಂಗಡಿ ಈಗಲೂ ನಡೆಯುತ್ತಿದೆ, ಸಂಜೆಯ ಹೊತ್ತು ಜನವೂ ಇರುತ್ತಾರೆ. ಪ್ರದರ್ಶನದಲ್ಲಿ ತೂತಿಲ್ಲದ ಎಲೆ ಕಂಡರೆ ತೀರ್ಪುಗಾರರು ಈಗ ಎರಡೆರಡು ಸಲ ಮೂಸಿ ನೋಡುತ್ತಾರೆ.

ಕೋಸಕ್ಕನ ಹಿತ್ತಲಿಗೂ ಬಂದ ಅಧಿಕಾರಿಗಳು, ಎರಡು ವರ್ಷ ಆ ಮಣ್ಣಿನಲ್ಲಿ ತಿನ್ನುವಂಥದ್ದೇನೂ ಬೆಳೆಯಬೇಡಿ ಎಂದು ಹೇಳಿ ಹೋದರು. ಅದಾಗಿ ನಾಲ್ಕು ವರ್ಷವಾಯಿತು. ಕೋಸಕ್ಕ ಏನನ್ನೂ ನೆಟ್ಟಿಲ್ಲ. ಕಳೆ ಬಂದರೂ ಬರಿಗೈಯಲ್ಲಿ ಕೀಳುವುದಿಲ್ಲ.

ತಂಗಿಗೆ ಪಾದದ ಜೋಮು ಪೂರ್ತಿ ಹೋಗಿಲ್ಲ. ಅಡುಗೆಮನೆಯಲ್ಲಿ ಈಗ ಕುರ್ಚಿ ಹಾಕಿಕೊಂಡು ಹೆಚ್ಚುತ್ತಾಳೆ. ಭಾನುವಾರ ಅಕ್ಕನ ಮನೆಗೆ ಬರುವುದನ್ನು ಬಿಟ್ಟಿಲ್ಲ. ಮುಂದಿನ ಕೋಣೆಯಲ್ಲಿ ಕೂತು ಭಾವನ ಹತ್ತಿರ ತಮಾಷೆ ಮಾಡುತ್ತಾಳೆ, ಅಕ್ಕನಿಗೆ ಗುಂಡಿ ಹೊಲಿದುಕೊಡುತ್ತಾಳೆ, ಹಳೇ ಕಥೆಗಳನ್ನೆಲ್ಲ ಹೇಳುತ್ತಾಳೆ. ಊಟದ ಹೊತ್ತಾದಾಗ ಚೀಲದಿಂದ ತನ್ನ ಡಬ್ಬಿ ತೆಗೆಯುತ್ತಾಳೆ. ನೀರಿನ ಬಾಟಲಿಯೂ ಅವಳದೇ. ಕೋಸಕ್ಕ ಮೂರು ತಟ್ಟೆ ಇಡುತ್ತಾಳೆ, ತಂಗಿ ತನ್ನ ಡಬ್ಬಿಯ ಅನ್ನವನ್ನು ಅದರಲ್ಲೊಂದಕ್ಕೆ ಸುರಿದುಕೊಳ್ಳುತ್ತಾಳೆ. ಸುರಿದುಕೊಳ್ಳುವ ಮೊದಲು, ಮಾತಾಡುತ್ತಾ ಮಾತಾಡುತ್ತಾ, ಆ ತಟ್ಟೆಯನ್ನು ಎದ್ದು ಹೋಗಿ ಇನ್ನೊಂದು ಸಲ ತೊಳೆದು ತರುತ್ತಾಳೆ.