ಎಡಬಲ ಬದಲಾದ ಗೋರಿ

ಮಾಸ್ಟರರ ಕೆಳತುಟಿಯ ನಡುವೆ ಸದಾ ಒಡೆದ ಒಂದು ಗೀರಿತ್ತು. ಗಾಜಿನ ಹಳೆಯ ನೆಗೆಟಿವ್ ಕೈಗೆ ಬಂದರೆ ಅದರ ಮೂಲೆಯನ್ನು ಆ ತುಟಿಗೆ ಮುಟ್ಟಿಸುತ್ತಿದ್ದರು. ಒಂದು ಬದಿ ಬರೀ ಗಾಜು, ಇನ್ನೊಂದು ಬದಿ ಚಿತ್ರ ಮೂಡಿರುವ ಲೇಪ. ಲೇಪದ ಬದಿ ಒದ್ದೆ ತುಟಿಗೆ ತುಸು ಅಂಟುತ್ತದೆ. ಅದು ತಿಳಿಯದೆ ಮಗುಚಿಟ್ಟು ಪ್ರಿಂಟ್ ಹಾಕಿದರೆ ಚಿತ್ರದ ಎಡಬಲ ಅದಲುಬದಲು. ಪೊರೆ ಬಂದ ಕಣ್ಣಿಗಿಂತ ಅವರಿಗೆ ತುಟಿಯ ಮೇಲೇ ನಂಬಿಕೆ.

ಕೊಲ್ಲಿ ದೇಶದ ಸತ್ವಾ ಬಡಾವಣೆಯ ಆ ಫೋಟೋ ಸ್ಟುಡಿಯೋದಲ್ಲಿ ನನಗೆ ಕೆಲಸ ಕಲಿಸಿದವರು ಅವರು. ಕಲಿಸಿದ್ದು ಅನ್ನುವುದಕ್ಕಿಂತ ಅರೆದದ್ದು ಅನ್ನಬೇಕು. ಪ್ರಿಂಟಿನಲ್ಲಿ ಧೂಳಿನ ಚುಕ್ಕೆ ಕಂಡರೆ ಗಿರಾಕಿಗಳೆದುರೇ ಹರಿದು ನನ್ನ ಕಾಲಬುಡಕ್ಕೆ ಎಸೆಯುತ್ತಿದ್ದರು. “ಎಂತ ಮಾರಾಯ್ತಿ, ಕಣ್ಣನ್ನು ಊರಲ್ಲೇ ಬಿಟ್ಟು ಬಂದದ್ದಾ?”

ಅಬುಧಾಬಿಯ ಪ್ರದರ್ಶನವೊಂದಕ್ಕೆ ಪ್ರಿಂಟ್ ಹಾಕಲು ಒಂದು ಪೆಟ್ಟಿಗೆ ಗಾಜಿನ ನೆಗೆಟಿವ್ ಬಂದವು. ಈಜಿಪ್ಟಿನ ಗೋರಿಗಳೊಳಗೆ ಮೊದಮೊದಲು ಕ್ಯಾಮೆರಾ ಹೊತ್ತು ಹೋದವರು ತೆಗೆದವು. ಆ ಕತ್ತಲೆಗೆ ಬೆಳಕು ಎಲ್ಲಿಂದ ಎಂದು ಕೇಳಿದೆ. ಹೊರಗಿನ ಬಿಸಿಲನ್ನು ಕನ್ನಡಿಯಿಂದ ಕನ್ನಡಿಗೆ ಹಾಯಿಸಿ ಒಳಗೆ ತಂದದ್ದು ಎಂದರು. ಒಂದು ಚಿತ್ರದ ಅಂಚಿನಲ್ಲಿ ಕನ್ನಡಿ ಹಿಡಿದ ಕೂಲಿಯಾಳು ಇದ್ದ. ಅಲುಗಾಡದೆ ನಿಂತು ನಿಂತು ಅವನ ಮುಖ ಬಿಗಿದುಕೊಂಡಿತ್ತು. ಅವನನ್ನು ಕತ್ತರಿಸು ಎಂದರು.

“ಪಾಪ, ಇರಲಿ ಮಾಸ್ಟ್ರೇ.”

“ಜನ ಬರುದು ಸತ್ತ ರಾಜನನ್ನು ನೋಡ್ಲಿಕ್ಕೆ, ಕನ್ನಡಿ ಹಿಡಿದವನನ್ನಲ್ಲ. ತೆಗಿ.”

ತೆಗೆದೆ.

ಕೊನೆಯ ನೆಗೆಟಿವ್ ಉಳಿದಿದ್ದ ದಿನ ಅವರು ಹಲ್ಲು ಕೀಳಿಸಿಕೊಂಡು ನೇರ ಕೆಲಸಕ್ಕೆ ಬಂದರು. ಇಂಜೆಕ್ಷನ್ನಿಗೆ ಬಾಯಿ ಜೋತುಬಿದ್ದಿತ್ತು, ಕುಡಿದ ನೀರು ಗಲ್ಲದ ಮೇಲೆ ಇಳಿಯುತ್ತಿತ್ತು. ನಾಳೆ ಮಾಡೋಣ ಎಂದೆ. ಕೈಬೀಸಿ ನನ್ನ ಬಾಯಿ ಮುಚ್ಚಿಸಿ, ಮರಗಟ್ಟಿದ ಆ ತುಟಿಗೇ ಗಾಜು ಮುಟ್ಟಿಸಿ, ತಾವೇ ಪ್ರಿಂಟ್ ಹಾಕಿದರು.

ಪ್ರದರ್ಶನದಲ್ಲಿ ಅದನ್ನು ಅದೇ ಗೋರಿಯ ಇನ್ನೊಂದು ಚಿತ್ರದ ಪಕ್ಕ ತೂಗುಹಾಕಿದ್ದರು. ಒಂದರಲ್ಲಿ ಶವಪೆಟ್ಟಿಗೆ ಬಾಗಿಲಿನ ಎಡಕ್ಕೆ, ಇನ್ನೊಂದರಲ್ಲಿ ಬಲಕ್ಕೆ. ಬಂದ ಅತಿಥಿಗಳು ನಕ್ಕರಂತೆ. ಮರುದಿನ ಸ್ಟುಡಿಯೋದ ಮಾಲೀಕರು ನಮ್ಮಿಬ್ಬರನ್ನೂ ಎದುರಿಗೆ ನಿಲ್ಲಿಸಿ, ಮಾಡಿದವರು ಇವತ್ತೇ ಮನೆಗೆ ಹೋಗಬೇಕು, ಯಾರು ಎಂದು ಕೇಳಿದರು.

“ಇವಳು,” ಎಂದರು ಮಾಸ್ಟರ್.

ನನ್ನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಚೀಲ ಎತ್ತಿಕೊಂಡು ಹೊರಟಾಗ ಅವರು ಮೆಟ್ಟಿಲವರೆಗೆ ಬಂದರು. “ನಿಂಗೆ ಗಂಡನ ವೀಸಾ ಉಂಟು, ನೀನು ಇಲ್ಲೇ ಇರ್ತಿ. ನಂದು ಈ ಸ್ಟುಡಿಯೋದವರ ವೀಸಾ. ಕ್ಯಾನ್ಸಲ್ ಮಾಡಿದ್ರೆ ಈ ಪ್ರಾಯದಲ್ಲಿ ಇನ್ಯಾರು ಕೊಡ್ತಾರೆ? ಊರಿಗೆ ಹೋಗಿ ನಾನು ಎಂತ ಮಾಡುದು?” ತಪ್ಪಾಯಿತು ಎನ್ನಲಿಲ್ಲ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ, ಅದಕ್ಕೇ ನನಗೆ ಮೈಯೆಲ್ಲ ಉರಿಯಿತು.

ಆ ಚಳಿಗಾಲ ಬರುವ ಮುಂಚೆಯೇ ಅವರು ಡಾರ್ಕ್‌ರೂಮಿನಲ್ಲಿ ಕುಸಿದು ಬಿದ್ದು ತೀರಿಕೊಂಡರು. ಊರಿನಲ್ಲಿದ್ದ ಅವರ ತಂಗಿಯ ನಂಬರು ನನ್ನ ಹತ್ತಿರ ಮಾತ್ರ ಇದ್ದುದರಿಂದ ಸ್ಟುಡಿಯೋದವರು ನನ್ನನ್ನೇ ಕರೆದರು. ಊರಿಗೆ ಹೋಗುವ ಶವಗಳು ಕೆಡದಂತೆ ಮದ್ದು ಹಾಕುವ ಜಾಗ ಮುಹೈಸ್ನಾದಲ್ಲಿದೆ. ಅಲ್ಲಿ ಹೋಗಿ ಕುಳಿತೆ. ಇಂದಿಗೂ ನಾನು ಉಣ್ಣುವುದು ಅವರು ಕಲಿಸಿದ ಕೆಲಸದ ಅನ್ನ. ಆ ಋಣಕ್ಕೆ ಹೋದೆ, ಕ್ಷಮಿಸಿ ಹೋದದ್ದಲ್ಲ.

ಮದ್ದು ಹಾಕಿ ಮುಗಿದಿತ್ತು, ಪೆಟ್ಟಿಗೆಯೂ ಸಿದ್ಧವಿತ್ತು. ಆದರೂ ಬಿಡಲಿಲ್ಲ. ವೀಸಾ ರದ್ದಾಗದೆ ಹೆಣ ದೇಶ ಬಿಡುವ ಹಾಗಿಲ್ಲ. ಸ್ಟುಡಿಯೋದ ವೀಸಾ ಕೆಲಸ ನೋಡುತ್ತಿದ್ದ ಕಾಸರಗೋಡಿನವನು ಮಧ್ಯಾಹ್ನ ಫೋನ್ ಮಾಡಿದ.

“ಅಕ್ಕಾ, ಮಾಸ್ಟ್ರ ವೀಸಾ ಕ್ಯಾನ್ಸಲ್ ಆಯ್ತು. ಖಲಾಸ್. ಇನ್ನು ಊರಿಗೆ ಕಳಿಸ್ಬಹುದು.”

“ಕಳಿಸಿ,” ಎಂದೆ.