ಕಣ್ಣು ಹೊಡೆಯುವ ಪೆಟ್ಟಿಗೆ

ನಮ್ಮ ಮನೆಯಲ್ಲಿ ಕೂಗುವವರು ಬಹಳ. ಕುಕ್ಕರ್ ಕೂಗುತ್ತದೆ, ವಾಷಿಂಗ್ ಮೆಷಿನ್ ಕೂಗುತ್ತದೆ, ಬಾಗಿಲು ಸರಿಯಾಗಿ ಹಾಕದಿದ್ದರೆ ಫ್ರಿಜ್ ಕೂಗುತ್ತದೆ, ಚಹಾ ತಡವಾದರೆ ನಮ್ಮ ಮನೆಯವರು ಕೂಗುತ್ತಾರೆ. ಎಲ್ಲರ ದನಿಯೂ ನನಗೆ ಪರಿಚಿತ. ಹಾಗಾಗಿ ಒಂದು ಬೆಳಿಗ್ಗೆ ನಡುಮನೆಯಿಂದ ‘ಪೀಂ, ಪೀಂ’ ಎಂದು ಗುರುತಿಲ್ಲದ ದನಿಯೊಂದು ಬಂದಾಗ ನನಗೆ ಗಾಬರಿಗಿಂತ ಕೋಪವೇ ಹೆಚ್ಚು ಬಂತು. ನನ್ನನ್ನು ಕೇಳದೆ ಈ ಮನೆಯಲ್ಲಿ ಕೂಗುವ ಧೈರ್ಯ ಯಾರಿಗೆ? ಇನ್ವರ್ಟರ್ ಆರಿಸಿದೆ, ನಿಲ್ಲಲಿಲ್ಲ. ಫ್ರಿಜ್ ಆರಿಸಿದೆ, ನಿಲ್ಲಲಿಲ್ಲ. ಕೊನೆಗೆ ಟಿವಿ ಪಕ್ಕದ ಕಸೂತಿ ಬಟ್ಟೆ ಎತ್ತಿ ನೋಡಿದರೆ, ಅಳುತ್ತಿದ್ದುದು ನಮ್ಮ ಪೆಟ್ಟಿಗೆ.

ಪೆಟ್ಟಿಗೆ ಅಂದರೆ ನಗನಾಣ್ಯದ್ದಲ್ಲ. ಒಂದು ಪೌಂಡು ಬ್ರೆಡ್ಡಿನಷ್ಟು ದೊಡ್ಡದು, ಒಳಗೆ ಎರಡು ಹಾರ್ಡ್ ಡಿಸ್ಕ್. ಮನೆಯ ವೈಫೈಗೆ ಸೇರಿಸಿಟ್ಟರೆ ಎಲ್ಲರ ಮೊಬೈಲಿನ ಫೋಟೊ, ವಿಡಿಯೊ, ಹಾಡು ಬಂದು ಅದರಲ್ಲಿ ಕೂರುತ್ತವೆ. ಒಂದು ಡಿಸ್ಕಿನಲ್ಲಿ ಏನಿದೆಯೋ ಅದೇ ಇನ್ನೊಂದರಲ್ಲೂ ಇರುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೈ ಹಿಡಿಯುತ್ತದೆ. ಇದನ್ನು ಕಂಡುಹಿಡಿದವರು ಬಹಳ ಬುದ್ಧಿವಂತರಂತೆ. ನನಗೇನೂ ಹಾಗನ್ನಿಸಲಿಲ್ಲ. ನಿಟ್ಟುವಳ್ಳಿಯ ನಮ್ಮ ಓಣಿಯ ಹೆಂಗಸರು ಹೆಪ್ಪಿನ ವಿಷಯದಲ್ಲಿ ಮೊದಲಿನಿಂದ ಮಾಡುತ್ತಿರುವುದು ಇದನ್ನೇ ಅಲ್ಲವೇ? ನಮ್ಮ ಮೊಸರು ಕೆಟ್ಟರೆ ಪಕ್ಕದ ಮನೆಯಿಂದ ಹೆಪ್ಪು ತರುತ್ತೇನೆ. ಅದು ಹೋದ ತಿಂಗಳು ನಮ್ಮ ಮನೆಯಿಂದ ಹೋಗಿದ್ದೇ ಆಗಿರುತ್ತದೆ.

ಆದರೆ ಆ ಪೆಟ್ಟಿಗೆಯೊಳಗಿದ್ದ ಒಂದು ವಸ್ತುವಿಗೆ ಪಕ್ಕದ ಮನೆ ಇರಲಿಲ್ಲ. ಹರಿಹರದಲ್ಲಿರುವ ನನ್ನ ಅಕ್ಕನಿಗೆ ಗಂಟಲಿನ ಆಪರೇಷನ್ ಆಗಿ, ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟಿದ್ದಾರೆ. ಈಗ ಅವಳ ಮಾತೆಲ್ಲ ಕೈಸನ್ನೆ ಮತ್ತು ಮೊಬೈಲಿನಲ್ಲಿ. ಅದಕ್ಕೂ ಮುಂಚೆ ಒಮ್ಮೆ ನಮ್ಮ ಅಡುಗೆಮನೆಯಲ್ಲಿ ಅವರೆಕಾಳು ಬಿಡಿಸುತ್ತ ಕೂತವಳು, ಅಮ್ಮ ತಾನೇ ಕಟ್ಟಿ ನಮಗೆ ಹಾಡುತ್ತಿದ್ದ ಜೋಗುಳ ಹಾಡಿದ್ದಳು. ನಾನು ಮೊಬೈಲಿನಲ್ಲಿ ಹಿಡಿದಿದ್ದೆ. ಆ ಮೊಬೈಲು ಹಾಳಾಗಿ ಹೋಯಿತು, ಹಾಡು ಮಾತ್ರ ಪೆಟ್ಟಿಗೆಯಲ್ಲಿ ಉಳಿಯಿತು. ಅಕ್ಕನ ಧ್ವನಿಪೆಟ್ಟಿಗೆ ನಮ್ಮನೆಯಲ್ಲಿದೆ ಎಂದು ನಾನು ಜಂಬ ಕೊಚ್ಚಿಕೊಂಡಿದ್ದೂ ಉಂಟು. ಈಗ ಅವಳ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಹತ್ತಿರ ಬಂದಿತ್ತು. ಅಕ್ಕ ಬರೆದು ಕಳಿಸಿದ್ದಳು: “ಹಾಡು ತಗೊಂಡು ಬಾ. ನನ್ನ ಮೊಮ್ಮಗಳಿಗೆ ನಾನೇ ಹಾಡಬೇಕು.”

ಪೆಟ್ಟಿಗೆ ಅಳಲು ಬೇರೆ ದಿನ ಸಿಗಲಿಲ್ಲವೇ! ಕಂಪ್ಯೂಟರ್ ತೆರೆದು ನೋಡಿದೆ. ‘ರೇಡ್’ ದುರ್ಬಲವಾಗಿದೆ, ಒಂದನೇ ಡಿಸ್ಕ್ ಕೆಟ್ಟಿದೆ ಎಂದು ಕೆಂಪಕ್ಷರದಲ್ಲಿತ್ತು. ಎರಡು ಡಿಸ್ಕುಗಳನ್ನು ಹೀಗೆ ಜೋಡಿ ಮಾಡಿಡುವುದಕ್ಕೆ ರೇಡ್ ಅನ್ನುತ್ತಾರೆ. ತಕ್ಷಣ ನಮ್ಮ ಮನೆಯವರ ಜವಳಿ ಅಂಗಡಿಗೆ ಫೋನ್ ಮಾಡಿ, “ರೀ, ಮನ್ಯಾಗೆ ರೇಡ್ ಐತಲ್ರೀ...” ಅಂದೆ. ಕೆಟ್ಟಿದೆ ಎಂದು ಮುಗಿಸುವಷ್ಟರಲ್ಲಿ ಫೋನ್ ಕಟ್ಟಾಯಿತು. ಸ್ವಲ್ಪ ಹೊತ್ತಿನಲ್ಲೇ ಅಂಗಡಿಯ ಶಟರ್ ಎಳೆದು, ಬೆವರು ಸುರಿಸಿಕೊಂಡು ಬಂದರು. ಬಾಗಿಲಲ್ಲೇ ನಿಂತು ಪಿಸುದನಿಯಲ್ಲಿ ಕೇಳಿದರು: “ಎಷ್ಟ್ ಜನ ಬಂದಾರೆ?”

“ಯಾರೂ ಬಂದಿಲ್ರೀ. ಒಂದು ಡಿಸ್ಕ್ ಹೋಗೈತೆ.”

ಅವರ ಲೆಕ್ಕಪತ್ರವೆಲ್ಲ ಸರಿಯಾಗಿಯೇ ಇದೆ. ಆದರೂ ವ್ಯಾಪಾರಸ್ಥರ ಮನೆಯಲ್ಲಿ ಕೆಲವು ಶಬ್ದಗಳನ್ನು ಅರ್ಧಕ್ಕೆ ನಿಲ್ಲಿಸಬಾರದು. ಒಂದು ತಂಬಿಗೆ ನೀರು ಗಟಗಟ ಕುಡಿದು, “ಯಾರಾದ್ರೂ ರಿಪೇರಿಯವರಿಗೆ ಕೊಟ್ಟು ಸುಮ್ನಿರು. ನಿನಗ್ಯಾಕ ಬೇಕು ಇವೆಲ್ಲ?” ಅಂದರು. ಈ ‘ನಿನಗ್ಯಾಕ’ ಎಂಬ ಮಾತನ್ನು ನನ್ನ ಮುಂದೆ ಆಡಬಾರದು. ಅದನ್ನು ಕೇಳಿ ನಾನು ಸ್ಕೂಟರ್ ಕಲಿತಿದ್ದೇನೆ, ಮಿಕ್ಸಿ ಬಿಚ್ಚಿ ಜೋಡಿಸಿದ್ದೇನೆ. ಸೆರಗು ಸಿಕ್ಕಿಸಿಕೊಂಡು ಪೆಟ್ಟಿಗೆಯ ಎದುರು ಕೂತೇಬಿಟ್ಟೆ.

ಎದುರು ಅಂದೆನಲ್ಲ, ಅಲ್ಲೇ ಇತ್ತು ಎಡವಟ್ಟು. ಪೆಟ್ಟಿಗೆಯ ಮುಖ ಗೋಡೆಯ ಕಡೆಗಿತ್ತು. ಅದನ್ನು ತಿರುಗಿಸಿಟ್ಟವರು ನಮ್ಮ ಅತ್ತೆ. ಅದರ ದೀಪ ಮಿಣಮಿಣ ಅನ್ನುವುದು ಅವರಿಗೆ ಹಿಡಿಸುತ್ತಿರಲಿಲ್ಲ. “ಕುಂತಾಗ ನಿಂತಾಗ ನನ್ ಕಡೆ ಕಣ್ ಹೊಡೀತೈತೆ ಕಣವ್ವಾ, ಈ ವಯಸ್ಸಿನಾಗೆ ನನಗ್ಯಾಕದು!” ಅನ್ನುತ್ತಿದ್ದರು. ತಿರುಗಿಸಿದ್ದು ಸಾಲದೆಂದು, ಧೂಳು ಕೂರದಿರಲಿ ಅಂತ ತಮ್ಮ ಕೈಯಾರೆ ಹಾಕಿದ ಕಸೂತಿ ಬಟ್ಟೆಯನ್ನೂ ಹೊದಿಸಿದ್ದರು. ದಾವಣಗೆರೆಯ ಬೇಸಿಗೆಯಲ್ಲಿ ಕಂಬಳಿ ಹೊದ್ದು ಮಲಗಿದ ಹಾಗಾಗಿತ್ತು ಪಾಪ ಅದಕ್ಕೆ. ಕೆಂಪು ದೀಪ ಹತ್ತಿದ್ದೂ ಯಾರಿಗೂ ಕಂಡಿರಲಿಲ್ಲ.

ಒಂದನೇ ಡಿಸ್ಕ್ ಎಡಗಡೆಯದು ಎಂದು ಪರದೆಯ ಚಿತ್ರ ತೋರಿಸುತ್ತಿತ್ತು. ತಂತಿಗಳು ಮೋಟು, ಪೆಟ್ಟಿಗೆ ತಿರುಗಿಸಲು ಬರುತ್ತಿರಲಿಲ್ಲ. ನಾನು ಹಿಂದಿನಿಂದಲೇ ಕೈ ತೂರಿಸಿ, ನನ್ನ ಎಡಕ್ಕಿದ್ದುದನ್ನು ಎಳೆದೆ. ಒಳಗೆ ಕಟಕಟ ಸದ್ದಾಯಿತು. ಪರದೆಯ ಮೇಲಿದ್ದ ಫೋಟೊಗಳು ಒಂದೊಂದಾಗಿ ಮಾಯವಾದವು. ಚೆನ್ನಾಗಿದ್ದ ಡಿಸ್ಕನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡು ಕೂತಿದ್ದೆ.

ಹರಿಹರದಲ್ಲಿ ಹುಟ್ಟಿ ಬೆಳೆದವಳು ಮಾಡುವ ತಪ್ಪೇ ಇದು? ನಮ್ಮೂರ ದೇವರು ಒಂದೇ ವಿಗ್ರಹದಲ್ಲಿ ಇಬ್ಬರು: ಬಲಭಾಗ ಹರ, ಎಡಭಾಗ ಹರಿ. ಚಿಕ್ಕವಳಿದ್ದಾಗ ನಾನು ನನ್ನ ಬಲಕ್ಕೆ ಕಂಡವನೇ ಹರನೆಂದು ಅವನಿಗೇ ಹೆಚ್ಚು ಕೈ ಮುಗಿಯುತ್ತಿದ್ದೆ. ಅಪ್ಪ ತಲೆಗೊಂದು ಮೊಟಕಿ, “ನಿನ್ನ ಬಲ ಅಲ್ಲ ಕಣೇ, ದೇವರ ಬಲ” ಅನ್ನುತ್ತಿದ್ದರು. ಬಲ ಯಾವುದು ಎಡ ಯಾವುದು ಎನ್ನುವುದು, ನೀವು ಯಾವ ಕಡೆ ನಿಂತಿದ್ದೀರಿ ಎನ್ನುವುದರ ಮೇಲಿರುತ್ತದೆ. ಅಷ್ಟು ಮೊಟಕಿಸಿಕೊಂಡರೂ ಆ ಪಾಠ ನನ್ನ ತಲೆಯೊಳಗೆ ಇಳಿದಿರಲಿಲ್ಲ.

ನಮ್ಮ ಮನೆಯವರು, “ತಿರುಗಿ ತುರುಕಿದ್ರಾತು ತಗೋ” ಎಂದು ಕೈ ಚಾಚಿದರು. “ಬ್ಯಾಡ್ರೀ! ಮುಟ್ಟಬ್ಯಾಡ್ರಿ!” ಎಂದು ಚೀರಿದೆ. ಹಾಗೆ ತುರುಕಿದರೆ ಪೆಟ್ಟಿಗೆ ಕೆಟ್ಟದ್ದನ್ನೇ ಸರಿಯೆಂದು ನಂಬಿ, ಒಳ್ಳೆಯದರ ಮೇಲೆ ಅದನ್ನೇ ಬರೆದುಬಿಡಬಹುದಿತ್ತು. ಅಷ್ಟು ಓದಿಕೊಂಡಿದ್ದೆ. ಅಕ್ಕನ ಮುಖ ಕಣ್ಣ ಮುಂದೆ ಬಂತು. ದೇವರು ಅವಳ ದನಿ ಕಿತ್ತುಕೊಂಡಿದ್ದು ಒಂದು ಸಲ, ಎರಡನೇ ಸಲ ನಾನು ಕಿತ್ತುಕೊಳ್ಳಬಾರದು. ಕರೆಂಟು ತೆಗೆದೆ. ತಂತಿಗಳನ್ನೆಲ್ಲ ಬಿಚ್ಚಿ ಪೆಟ್ಟಿಗೆಯ ಮುಖ ನನ್ನ ಕಡೆ ತಿರುಗಿಸಿದೆ. ಕೆಟ್ಟದ್ದನ್ನು ಹೊರಗೆಳೆದೆ, ಒಳ್ಳೆಯದೊಂದನ್ನೇ ಅದರದೇ ಜಾಗದಲ್ಲಿ ಕೂರಿಸಿ, ಚಾಲೂ ಮಾಡಿದೆ.

ಪೆಟ್ಟಿಗೆ ಗೊರಗೊರ ಅಂದಿತು. ಅತ್ತೆ ಜಪಮಾಲೆ ತಿರುಗಿಸುತ್ತ ಪಕ್ಕದಲ್ಲೇ ಕೂತಿದ್ದರು. ಬಹಳ ಹೊತ್ತಿನ ಮೇಲೆ ಹಸಿರು ದೀಪವೊಂದು ಮಿಣಕ್ ಎಂದಿತು. “ಅಯ್ಯೋ, ಕಣ್ ಹೊಡೀತು! ಕಣ್ ಹೊಡೀತು!” ಎಂದು ಅತ್ತೆಯೇ ಮೊದಲು ಕೂಗಿದ್ದು. ಅಕ್ಕನ ಹಾಡು ಇತ್ತು. ಮೊದಲ ಸೊಲ್ಲು ಕೇಳಿದ್ದೇ ಕಣ್ಣು ತುಂಬಿ, ಪೂರ್ತಿ ಕೇಳುವ ಶಕ್ತಿಯಿಲ್ಲದೆ, ಪೆನ್‌ಡ್ರೈವಿಗೆ ಹಾಕಿಕೊಂಡೆ. ಹೊಸ ಡಿಸ್ಕ್ ತಂದು ಜೋಡಿ ಮಾಡಿದ್ದು ಆಮೇಲೆ. ಕಸೂತಿ ಬಟ್ಟೆ ಈಗ ಅತ್ತೆಯ ದಿಂಬಿನ ಮೇಲಿದೆ.

ಹರಿಹರದಲ್ಲಿ ತೊಟ್ಟಿಲಿನ ಹಗ್ಗ ಹಿಡಿದು ಅಕ್ಕ ಕೂತಿದ್ದಳು, ಸುತ್ತ ಹೆಂಗಸರು. ಸ್ಪೀಕರಿನಿಂದ ಅವಳ ದನಿ ಬಂತು. ಎಲ್ಲರೂ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಕ್ಕ ತಲೆ ತಗ್ಗಿಸಿ ತೂಗುತ್ತಲೇ ಇದ್ದಳು, ತುಟಿ ಮಾತ್ರ ಅಲ್ಲಾಡುತ್ತಿತ್ತು. ‘ಹೊಳೆಯ ಮೀನಿಗೂ ನಿದ್ದೆ ಬಂತು’ ಅನ್ನುವವರೆಗೆ ಎಲ್ಲ ಚೆನ್ನಾಗಿತ್ತು. ಮುಂದಿನ ಸಾಲಿಗೆ ಸರಿಯಾಗಿ ‘ಸುಂಯ್ಯ್...’ ಎಂದು ನನ್ನ ಅಡುಗೆಮನೆಯ ಕುಕ್ಕರ್ ಕೂಗಿತು. ಸಾಲಿಗೆ ಸಾಲೇ ಮುಳುಗಿಹೋಯಿತು. ಅಷ್ಟೆಲ್ಲ ಪಾಡುಪಟ್ಟು ನಾನು ಆ ಕುಕ್ಕರನ್ನೂ ಒಂದಿನಿತೂ ಕೆಡದಂತೆ ಉಳಿಸಿ ತಂದಿದ್ದೆ!

ಅಕ್ಕ ತೂಗುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಅಮ್ಮನ ಹಾಡು ಗೊತ್ತಿರುವವರು ಅಲ್ಲಿ ನಾವಿಬ್ಬರೇ. ನನ್ನ ರಾಗ ಎಂಥದೆಂದರೆ, ಭಜನೆಯಲ್ಲಿ ಅಪ್ಪ ನನಗೆ ಸಕ್ಕರೆ ಹಂಚುವ ಕೆಲಸ ಕೊಡುತ್ತಿದ್ದರು. ಆದರೂ ಸ್ಪೀಕರ್ ನಿಲ್ಲಿಸಿ, ಗಂಟಲು ಸರಿಮಾಡಿಕೊಂಡು, ‘ದಂಡೆಯ ಕೊಕ್ಕರೆಗೂ ನಿದ್ದೆ ಬಂತು’ ಎಂದು ಹಾಡಿಯೇಬಿಟ್ಟೆ. ಮಗು ಬೆಚ್ಚಿ ಎದ್ದು ಅತ್ತಿತು. ಅಕ್ಕನ ಭುಜಗಳು ಕುಲುಕಾಡಿದವು. ಸದ್ದಿಲ್ಲದ ನಗೆ, ಕೆನ್ನೆ ತುಂಬ ನೀರು. ಮೊಬೈಲಿನಲ್ಲಿ ಏನೋ ಬರೆದು ನನ್ನ ಮುಖಕ್ಕೆ ಹಿಡಿದಳು: “ರಾಗ ಪೂರ್ತಿ ಕೆಟ್ಟೈತೆ. ಸೋಮವಾರ ಬಾ, ಕಲಿಸ್ತೀನಿ.”

ಈಗ ಸೋಮವಾರ ಬಂತೆಂದರೆ ಹರಿಹರದ ಬಸ್ಸು ಹತ್ತುತ್ತೇನೆ. ಅಕ್ಕ ಎದುರಿಗೆ ಕೂತು ತೊಡೆಯ ಮೇಲೆ ತಾಳ ಹಾಕುತ್ತಾಳೆ, ದನಿ ಏರಬೇಕಾದಲ್ಲಿ ಕೈ ಎತ್ತುತ್ತಾಳೆ, ತಪ್ಪಿದರೆ ಚಿವುಟುತ್ತಾಳೆ. ಆಗ ನಾನೇ ಕೂಗುತ್ತೇನೆ. ಮೊಮ್ಮಗಳು ತೊಟ್ಟಿಲಿನಿಂದ ಕಣ್ಣು ಪಿಳಿಪಿಳಿ ಬಿಟ್ಟು ನೋಡುತ್ತಾಳೆ. ನಾನೆಂಬ ಈ ಡಿಸ್ಕ್ ಹಳೆಯದು, ಹಾಡು ಇಳಿಯುವುದು ಬಹಳ ನಿಧಾನ. ಆದರೆ ಪೂರ್ತಿ ಇಳಿಯುವವರೆಗೆ ಅಕ್ಕ ಬಿಡುವವಳಲ್ಲ, ನಾನು ಏಳುವವಳಲ್ಲ.