ಗಾಳಿಯಲ್ಲಿ ಅವ್ವನ ಪಾಲು

ಅಂದು ಬೆಳಗ್ಗೆ ಎಂದಿನಂತೆ ಹಾಲು ಕಾಯಿಸಿ, ಅತ್ತೆಗೆ ಚಹಾ ಕೊಟ್ಟು, ರೊಟ್ಟಿ ಬಡಿಯಲು ಕೂತೆ. ಹಂಚಿನ ಮೇಲಿನ ರೊಟ್ಟಿ ಉಬ್ಬುತ್ತಿದ್ದಾಗ ಯಜಮಾನರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿ ಕೂತಿದ್ದವು.

“ಕಮಲಾಪುರದ ಬಸ್ ತಪ್ಪಿಸ್ಬ್ಯಾಡ ಮತ್ತ.”

“ರೊಟ್ಟಿ ಮುಗಿಸಿ ಹೋಗ್ತೇನ್ರೀ. ನೀವು ಮೊದಲ ಗುಂಡಿ ಸರಿ ಹಾಕ್ಕೋರಿ.”

ಅವರು ಇಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಹೇಳುತ್ತಾರೆ. ಮುಂದಿನ ಪೀಳಿಗೆಯ ವೈರ್‌ಲೆಸ್ ನೆಟ್‌ವರ್ಕ್ ಮೇಲೆ ಪಿಎಚ್.ಡಿ. ಶುರು ಮಾಡಿದಾಗ ಅವರ ತಲೆಯಲ್ಲಿ ಬಿಳಿ ಕೂದಲಿರಲಿಲ್ಲ. ಅವಧಿ ಮುಗಿದು, ಮುಂದುವರಿಸಿಕೊಂಡು, ಇನ್ನು ಮುಂದುವರಿಸುವುದಿಲ್ಲ ಎಂದೂ ಹೇಳಿಸಿಕೊಂಡಿದ್ದರು. ಆ ಮಧ್ಯಾಹ್ನ ಪರವೂರಿನ ಪರೀಕ್ಷಕರೊಬ್ಬರು ಬ್ರಹ್ಮಪುರದ ನಮ್ಮ ಮನೆಗೇ ಬಂದು ಕೆಲಸ ನೋಡುವವರಿದ್ದರು. ಲ್ಯಾಬಿನಲ್ಲಿ ಬೇಡ, ಜನ ಬಳಸುವ ಜಾಗದಲ್ಲಿ ತೋರಿಸಿ ಎಂದಿದ್ದರಂತೆ. ಅವರು ಒಪ್ಪದಿದ್ದರೆ ಅಷ್ಟೂ ವರ್ಷ ವ್ಯರ್ಥ.

ಕೆಲಸ ನನಗೆ ತಿಳಿದಷ್ಟು ಹೀಗೆ. ಮನೆಯ ಗೋಡೆಗೆ ಕೂತ ವೈಫೈ ಡಬ್ಬಿಗೆ ಸ್ವಂತ ಬುದ್ಧಿ ಇರಬಾರದು. ಅದು ಹೇಳಿದ್ದನ್ನಷ್ಟೇ ಮಾಡಬೇಕು. ಬುದ್ಧಿಯೆಲ್ಲ ದೂರದ ಒಂದು ಕಂಪ್ಯೂಟರಿನ ಸಾಫ್ಟ್‌ವೇರಿನಲ್ಲಿ. ಅಲ್ಲಿ ಕೂತು ಒಂದು ಗೆರೆ ಸರಿಸಿದರೆ ಇಲ್ಲಿ ಒಂದೇ ವೈಫೈ ಎರಡು ಪಾಲಾಗುತ್ತದೆ. ಒಬ್ಬರ ಭಾರ ಇನ್ನೊಬ್ಬರ ಮೇಲೆ ಬೀಳುವುದಿಲ್ಲ. ಒಂದು ಪಾಲು ನಮ್ಮದು, ಇನ್ನೊಂದು ನಡುಬಾಗಿಲಾಚೆ ಬೇರೆ ಒಲೆ ಹೂಡಿರುವ ಮೈದುನನದು. ದೂರದ ಆ ಕಂಪ್ಯೂಟರನ್ನು ಯಜಮಾನರು ಕಮಲಾಪುರದಲ್ಲಿ ತಮ್ಮ ದೊಡ್ಡಪ್ಪನ ಮನೆಯಲ್ಲಿಟ್ಟಿದ್ದರು. ಪರೀಕ್ಷೆ ಮುಗಿಯುವವರೆಗೆ ಯಾರೂ ಪ್ಲಗ್ ಕೀಳದಂತೆ ಕಾಯುವುದು ನನ್ನ ಕೆಲಸ. ಕಾನ್ವೆಂಟಿನಲ್ಲಿ ಕಲಿತವಳು, ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತೀ ಎಂದು ನನ್ನನ್ನು ಆರಿಸಿದ್ದರು.

ನಾನು ಹೋಗಿ ನೋಡಿದಾಗ ಕಂಪ್ಯೂಟರು ಕಾಳಿನ ಕೋಣೆಯಲ್ಲಿತ್ತು, ತೂಗುಹಾಕಿದ ಕೆಂಪು ಬಾಳೆಗೊನೆಯ ಕೆಳಗೆ. ಬಿಸಿಲಿಗೆ ಹೊರಟ ಕೂಸಿಗೆ ಮಾಡುವಂತೆ ಮುಖವೊಂದನ್ನು ಬಿಟ್ಟು ಮೈತುಂಬ ಟವೆಲ್ ಹೊದಿಸಿದ್ದರು. ದೊಡ್ಡಪ್ಪ ಸುತ್ತಲಿನ ಹಳ್ಳಿಗಳಲ್ಲಿ ಅಣ್ಣತಮ್ಮಂದಿರ ಪಾಲು ಮಾಡಿಸುವ ಹಿರಿಯರು. ಒಂದು ಹುಣಸೆಮರದ ಹಣ್ಣು ಅಣ್ಣನಿಗೆ, ನೆರಳು ತಮ್ಮನಿಗೆ ಎಂದು ಹೇಳಿ ಎರಡೂ ಕಡೆಯವರಿಂದ ಹೂಂ ಅನ್ನಿಸಿದವರು. ಕನ್ನಡಕ ಏರಿಸಿ ಪರದೆ ನೋಡಿದರು. ಉದ್ದನೆಯದೊಂದು ನೀಲಿ ಪಟ್ಟಿ, ಗಿಡ್ಡದೊಂದು ಹಳದಿ ಪಟ್ಟಿ.

“ಇದೇನವಾ?”

“ಮನಿ ವೈಫೈ ರೀ ಮಾವಾರ. ನೀಲಿದು ನಮ್ಮ ಪಾಲು, ಹಳದಿದು ಮೈದುನಂದು.”

“ಪಾಲು ಮಾಡ್ದವ್ರ್ಯಾರು?”

“ಇವರೇ ಮಾಡ್ಯಾರ್ರೀ.”

“ತಾನೇ ಮಾಡಿ ತಾನೇ ದೊಡ್ಡದು ಇಟ್ಕೊಂಡಾನ. ಇರ್ಲಿ. ಅವ್ವನ ಪಾಲು ಎಲ್ಲಿ?”

ಅತ್ತೆಯ ಹತ್ತಿರ ಇರುವುದು ಗುಂಡಿ ಒತ್ತುವ ಹಳೆಯ ಫೋನು, ಅದಕ್ಕೆ ವೈಫೈ ಹತ್ತುವುದಿಲ್ಲ ಎಂದೆ.

“ಹಲ್ಲಿಲ್ಲಂತ ಆಕಿಗಿ ಊಟ ಬಿಡಿಸ್ತೀರೇನು? ಬಳಸ್ತಾಳೋ ಬಿಡ್ತಾಳೋ ಆಕಿ ಮರ್ಜಿ. ಹಿಸ್ಸಾ ಅಂದ್ರ ಹಿಸ್ಸಾ.” ಕುರ್ಚಿ ಎಳೆದು ಸ್ವಿಚ್‌ಬೋರ್ಡಿಗೆ ಆತು ಕೂತರು. “ಅವ್ವಗ ಪಾಲಿಲ್ಲದ ಪಾಲು ನನ್ನ ಮನಿ ಕರೆಂಟಿನ ಮ್ಯಾಲ ನಡಿಯಂಗಿಲ್ಲ.”

ಯಜಮಾನರಿಗೆ ಫೋನ್ ಹಚ್ಚಿದೆ. ಪರೀಕ್ಷಕರು ಆಗಲೇ ಬಂದು ಕೂತಿದ್ದರು. ಕಪ್ಪುಬಸಿಯ ಸದ್ದು ಕೇಳುತ್ತಿತ್ತು. ಅವರು ಪಿಸುಗುಟ್ಟಿದರು: “ಮೂರನೇ ಪಟ್ಟಿ ಒಂದು ಹಾಕಿಬಿಡು. ನಮ್ಮ ಅಣ್ಣತಮ್ಮರಿಬ್ಬರ ಹೆಸರಿಗಿ ಇಲ್ಲದ ಫೋನೆಲ್ಲ ಅದರಾಗ ಹೋಗ್ಲಿ ಅಂತ ಒತ್ತು. ಹ್ಯಾಂಗೂ ಖಾಲಿನೇ ಇರ್ತದ. ಫೋನ್ ಇಡಬ್ಯಾಡ.”

ಫೋನನ್ನು ಸ್ಪೀಕರಿಗೆ ಹಾಕಿ ಪಕ್ಕಕ್ಕಿಟ್ಟು, ಅವರು ಹೇಳಿದಂತೆ ಒತ್ತಿದೆ. ಹಸಿರು ಪಟ್ಟಿಯೊಂದು ಮೂಡಿತು. ದೊಡ್ಡಪ್ಪ ಇನ್ನೂ ಏಳಲಿಲ್ಲ.

“ಈಗ ಆರಿಸೋದು. ಅಣ್ಣ ಪಾಲು ಮಾಡಿದ್ರ ತಮ್ಮ ಮೊದಲ ಆರಿಸಬೇಕು. ಇಲ್ಲಂದ್ರ ಇನ್ಸಾಫ್ ಎಲ್ಲಿ ಬಂತು?” ತಮ್ಮದೇ ಫೋನಿನಿಂದ ಮೈದುನನಿಗೆ ಕರೆ ಮಾಡಿದರು. ಅವನು ಟಿವಿಗೆ ವೈಫೈ ಹಚ್ಚಿಕೊಂಡು ಕ್ರಿಕೆಟ್ ನೋಡುತ್ತಿದ್ದ.

“ನಿಂಗ ಯಾವ ಪಾಲು ಬೇಕಪಾ?”

“ಯಾತರ ಪಾಲು, ದೊಡ್ಡಪ್ಪ?”

“ಯಾತರದಾರ ಇರ್ಲಿ, ಹೇಳು.”

“ಹಂಗಾದ್ರ ದೊಡ್ಡದು ಕೊಡ್ರಿ.”

ಸ್ವಿಚ್ಚಿನಿಂದ ಅವರ ಬೆರಳು ಒಂದು ಗೇಣು ದೂರವಿತ್ತು. ನಾನು ಪಟ್ಟಿಗಳನ್ನು ಅದಲುಬದಲು ಮಾಡಿದೆ.

ಬ್ರಹ್ಮಪುರದಲ್ಲಿ ವೈಫೈ ಪರೀಕ್ಷೆಗೆಂದು ಯಜಮಾನರು ಪರೀಕ್ಷಕರ ಮುಂದೆ ಓಡಿಸುತ್ತಿದ್ದ ವಿಡಿಯೋ ಅಲ್ಲೇ ನಿಂತಿತು. ನಡುಬಾಗಿಲಾಚೆಯಿಂದ ಕ್ರಿಕೆಟ್ ಮೈದಾನದ ಕೂಗು ಮಾತ್ರ ಸ್ಪಷ್ಟವಾಗಿ ಕೇಳಿತು.

“ಇದ್ಯಾಕೆ ನಿಂತಿತು?” ಪರೀಕ್ಷಕರ ಧ್ವನಿ.

“ಕಮಲಾಪುರದಿಂದ ಆದೇಶ ಬಂದದ ಸರ್.”

“ಯಾವ ನಿಯಮದ ಮೇಲೆ?”

ಯಜಮಾನರು ಗಂಟಲು ಸರಿಮಾಡಿಕೊಂಡರು. “ತಮ್ಮ ಮೊದಲು ಆರಿಸಬೇಕು ಅನ್ನೋ ನಿಯಮ ಸರ್.”

“ಇಲ್ಲಿ ಪರದೆ ಮೇಲೆ ಕಾಣೋ ಈ ಹಸಿರು ಪಟ್ಟಿ?”

“ಅವ್ವನ ಪಾಲು ಸರ್.”

ಇಲ್ಲಿ ದೊಡ್ಡಪ್ಪ ಅರ್ಧ ಸುಲಿದ ಬಾಳೆಹಣ್ಣನ್ನು ಹಾಗೇ ಹಿಡಿದಿದ್ದರು. ಅಷ್ಟರಲ್ಲಿ ನಾನೊಂದು ಗಮನಿಸಿದೆ. ಖಾಲಿ ಇರಬೇಕಾದ ಹಸಿರು ಪಟ್ಟಿಯೊಳಗೆ ಏನೋ ಹರಿಯುತ್ತಿತ್ತು, ಎಣ್ಣೆ ಸುರಿದಷ್ಟು ನುಣ್ಣಗೆ. ಅಣ್ಣನದು ಕಟ್ಟಿಕೊಂಡಿತ್ತು, ತಮ್ಮನದು ಜಿಗಿದಾಡುತ್ತಿತ್ತು. ಹಸಿರು ಮಾತ್ರ ತನ್ನ ಪಾಡಿಗೆ ತಾನಿತ್ತು.

ಪರೀಕ್ಷಕರೂ ಅದನ್ನೇ ನೋಡುತ್ತಿದ್ದರು. “ಅಕ್ಕಪಕ್ಕ ಇಷ್ಟು ಎಳೆದಾಟ ಆದರೂ ಇದು ಅಲುಗಾಡಲಿಲ್ಲ ನೋಡಿ. ನಾನು ನೋಡಬೇಕು ಅಂತ ಬಂದಿದ್ದೂ ಇದನ್ನೇ. ಎಲ್ಲಿ, ಪೆನ್ನು ಕೊಡಿ.”

ಸಹಿಯಾದ ಮೇಲೆ ಧ್ವನಿ ಇಳಿಸಿ ಕೇಳಿದರು: “ಈ ನಿಯಮ ಹಾಕಿಸಿದವರು ಯಾರು? ಅವರನ್ನು ನಮ್ಮೂರಿಗೆ ಕರೆಯಬಹುದಾ? ನಾವು ಅಣ್ಣತಮ್ಮಂದಿರದು ಒಂದು ಬಾವಿ ತಕರಾರಿದೆ.”

ದೊಡ್ಡಪ್ಪ ಸ್ವಿಚ್ ಬಿಟ್ಟು ಎದ್ದರು. “ಬಾವಿಗಿ ನೀರದ ಏನು, ಮೊದಲ ಅದು ಕೇಳವಾ,” ಎಂದರು.

ಸಂಜೆ ಒಂದು ಚಿಪ್ಪು ಕೆಂಪು ಬಾಳೆಹಣ್ಣಿನೊಂದಿಗೆ ಮನೆಗೆ ಬಂದೆ. ಯಜಮಾನರ ಗುಂಡಿಗಳು ಇನ್ನೂ ಹಾಗೇ ಇದ್ದವು. ಖುಷಿ ಇತ್ತು, ಆದರೆ ಅವರು ಕೂತಲ್ಲಿ ಕೂರುತ್ತಿರಲಿಲ್ಲ.

“ಖಾಲಿ ಪಾಲಿನಾಗ ಹರಿದಿದ್ದಾದ್ರೂ ಏನು? ಯವ್ವಾ, ನೀ ಏನಾರ ಒತ್ತಿದೇನು?”

“ನಾ ಮಕ್ಕೊಂಡಿದ್ದೆಪಾ,” ಎಂದರು ಅತ್ತೆ, ಸೆರಗು ಸರಿಮಾಡಿಕೊಳ್ಳುತ್ತ, ಮಗನ ಮುಖ ನೋಡದೆ.

ಸಾಫ್ಟ್‌ವೇರು ತಾನಾಗಿಯೇ ಏನೋ ಮಾಡಿಕೊಂಡಿರಬೇಕು, ಅದರ ಮೇಲೆ ಇನ್ನೊಂದು ಅಧ್ಯಾಯ ಬರೆಯಬಹುದು ಎಂದು ತೀರ್ಮಾನಿಸಿ ಅವರು ಹಣ್ಣು ಸುಲಿದರು. ನಾನು ನಾಲ್ಕು ಹಣ್ಣು ತೆಗೆದುಕೊಂಡು ಹಿತ್ತಲ ಗೋಡೆಯ ಮೇಲಿಂದ ಪಕ್ಕದ ಮನೆಯಾಕೆಗೆ ಕೊಟ್ಟೆ. ಆಕೆ ಹಣ್ಣನ್ನು ಸೆರಗಿನಲ್ಲಿ ಹಾಕಿಕೊಂಡು, ಹೊರಳಿ ಹೋಗುತ್ತ ಅಂದಳು:

“ನಿಮ್ಮ ಅತ್ತಿಯವರು ಪಾಸ್‌ವರ್ಡ್ ಕೊಟ್ಟಾಗಿಂದ ವೈಫೈ ಇವತ್ತಿನಷ್ಟು ಚಲೋ ಬಂದೇ ಇರಲಿಲ್ರೀ ಅಕ್ಕಾರ. ಮಧ್ಯಾಹ್ನ ಎರಡು ಸೀರಿಯಲ್ ನೋಡಿದೆ, ಒಮ್ಮಿನೂ ನಿಂದ್ರಲಿಲ್ಲ.”